ತೊಳೆದಿಟ್ಟ ಬಾಟಲಿ

ಅಂಬುಬಾಯಿಯವರ ಮಡಿಯೆಂದರೆ ಕಾಚಿಗುಡಾದ ಆ ಓಣಿಯಲ್ಲಿ ಸಣ್ಣ ಸಂಗತಿಯಲ್ಲ. ಹಾಲಿನವನು ಗೇಟಿನ ಹೊರಗೇ ನಿಲ್ಲಬೇಕು, ಕೊರಿಯರ್‌ನವನು ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿಯಬೇಕು, ಪೇಟೆಯಿಂದ ಬಂದ ತರಕಾರಿ ನಲ್ಲಿಯ ಕೆಳಗೆ ಮಿಂದೆದ್ದ ಮೇಲೆಯೇ ಒಳಗೆ ಹೋಗಬೇಕು. ಕೊರೊನಾ ಬಂದು ಊರಿಗೆ ಊರೇ ಕೈ ತೊಳೆಯುವುದನ್ನು ಕಲಿತಾಗ, "ಈಗ ಬಂತು ನೋಡ್ರಿ ಎಲ್ಲಾರಿಗೂ ಬುದ್ಧಿ" ಎಂದು ಪರೀಕ್ಷೆ ಗೆದ್ದವರ ಹಾಗೆ ನಕ್ಕಿದ್ದರು. ತೊಳೆದರೆ ತಪ್ಪೇನು? ಏನೂ ಇಲ್ಲ. ಆದರೆ ಪೇಟೆಯಿಂದ ಬಂದ ಬೆಂಡೆಕಾಯಿಯನ್ನೂ ಮನೆಗೆ ಬಂದ ಮನುಷ್ಯರನ್ನೂ ಒಂದೇ ಕಣ್ಣಿನಿಂದ ನೋಡುವ ಚಟ ಒಮ್ಮೆ ಹತ್ತಿತೆಂದರೆ ಬಿಡುವುದು ಕಷ್ಟ. ಆ ಚಟಕ್ಕೆ ಅಂಬುಬಾಯಿ ತೆತ್ತದ್ದು ಮಗನನ್ನು.

ಮಗ ನಿಶಾಂತ ಮದುವೆಯಾದದ್ದು ತಾರಾಳನ್ನು. ಅವಳೂ ಕನ್ನಡದವಳೇ. ರಾಯಚೂರು ಕಡೆಯಿಂದ ಗೌಂಡಿ ಕೆಲಸಕ್ಕೆಂದು ಬಂದು ಕೂಕಟ್‌ಪಲ್ಲಿಯ ಫ್ಲಾಟುಗಳಿಗೆ ಇಟ್ಟಿಗೆ ಹೊತ್ತ ದ್ಯಾವಪ್ಪ, ಹಂಪಮ್ಮನವರ ಮಗಳು. ಓದಿ, ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ನೌಕರಿ ಹಿಡಿದವಳು. ಅಂಬುಬಾಯಿಯ ಮನೆತನವೋ, ನಿಜಾಮರ ಕಾಲದಿಂದಲೂ ಸರ್ಕಾರಿ ಕುರ್ಚಿಯಲ್ಲಿ ಕೂತು ಬಂದದ್ದು. ಗಂಡ ನರಸಿಂಹರಾಯರು ನಾಂಪಲ್ಲಿಯ ಕಚೇರಿಯಿಂದ ನಿವೃತ್ತರಾಗಿ, ಮಗನ ಮದುವೆಗೆ ಮುಂಚೆಯೇ ತೀರಿಕೊಂಡಿದ್ದರು. ಇದ್ದಿದ್ದರೆ ಹೊಂದಿಕೊಂಡು ಹೋಗುತ್ತಿದ್ದರೋ ಏನೋ, ಅವರು ಮೆತ್ತಗಿನ ಮನುಷ್ಯ.

ಮಗನ ಹೊಸ ಫ್ಲಾಟಿನ ವಾಸ್ತುಶಾಂತಿಗೆ ಅಂಬುಬಾಯಿ ಹೋಗಲಿಲ್ಲವೆಂದಲ್ಲ, ಹೋಗಿದ್ದರು. ಆದರೆ ಚೀಲದಲ್ಲಿ ತಮ್ಮ ಮನೆಯ ನೀರು ಒಯ್ದಿದ್ದರು. ತಾರಾ ಚಹಾ ತಂದು ಮುಂದೆ ನಿಂತಾಗ, "ಈಗರ ಕುಡದು ಬಂದೀನಿ" ಎಂದರು. ಸ್ವಲ್ಪ ಹೊತ್ತಿಗೆ, ಅದೇ ತಾರಾಳ ಎದುರಿಗೆ, ಚೀಲದಿಂದ ತಮ್ಮ ನೀರು ತೆಗೆದು ಗಟಗಟನೆ ಕುಡಿದರು. ಲಿಫ್ಟಿನವರೆಗೆ ಬಿಡಲು ಬಂದ ನಿಶಾಂತ ಸಿಟ್ಟು ಮಾಡಲಿಲ್ಲ.

"ಅಮ್ಮಾ, ನನ್ನ ಮನ್ಯಾಗ ನೀರು ಕುಡೀಬೇಕು ಅನಿಸಿದಾಗ ಬಾ. ಅಲ್ಲೀತನಕ ನಾನಾ ಬರ್ತೀನಿ," ಎಂದ.

ಹೇಳಿದಂತೆ ನಡೆದುಕೊಂಡ. ಹಬ್ಬಕ್ಕೆ ಒಬ್ಬನೇ ಬರುತ್ತಿದ್ದ, ಹೋಳಿಗೆ ತಿನ್ನುತ್ತಿದ್ದ, ಮಗಳು ಶರ್ವರಿಯ ಫೋಟೋ ತೋರಿಸುತ್ತಿದ್ದ, ಕತ್ತಲಾಗುವ ಮೊದಲು ಮೆಟ್ರೊ ಹಿಡಿಯುತ್ತಿದ್ದ. ಇಂದಲ್ಲ ನಾಳೆ ಅವನೇ ಸೋತು "ಬಾ ಅಮ್ಮಾ, ನಿನ್ನ ನೀರು ನೀನಾ ತಂದರೂ ನಡೀತದ" ಅನ್ನುತ್ತಾನೆಂದು ಅಂಬುಬಾಯಿ ಹಟ ಹಿಡಿದು ಕೂತರು. ಕೂತೇ ಇದ್ದರು. ಹೋದ ಮಳೆಗಾಲದಲ್ಲಿ ಡೆಂಗಿ ಜ್ವರ ನಿಶಾಂತನನ್ನು ಕೊಂಡೊಯ್ದಿತು. ಆಸ್ಪತ್ರೆಯಲ್ಲಿ ಅವರು ಮಗನ ಪಾದ ಹಿಡಿದುಕೊಂಡು ಎಷ್ಟು ಕರೆದರೂ ಅವನಿಗೆ ಎಚ್ಚರವಾಗಲಿಲ್ಲ.

ನಾಂಪಲ್ಲಿಯಲ್ಲಿ ಜನವರಿಯ ನುಮಾಯಿಷ್ ವಸ್ತುಪ್ರದರ್ಶನ ಶುರುವಾದ ವಾರ ತಾರಾಳ ಫೋನು ಬಂತು.

"ಅತ್ತ್ಯಾರ, ನನಗ ಪುಣೆಕ್ಕ ಬದಲಿ ಆಗೈತ್ರಿ. ಮುಂದಿನ ತಿಂಗಳು ಹೊಂಟೀವಿ. ಅದಕ್ಕೂ ಮೊದಲ ಕ್ಲಬ್ಬಿನ ರಾಕೆಟ್ ಮೇಳಾ ಐತಿ. ಶರ್ವರಿ ನಿಮ್ಮನ್ನ ಕರೀಬೇಕಂತಾಳ. ತನ್ನ ಹಗ್ಗಾ ನೀವಾ ಜಗ್ಗಬೇಕಂತ."

ಹಗ್ಗದ ವಿಷಯ ಅಂಬುಬಾಯಿಗೆ ಮಗನ ಬಾಯಿಂದಲೇ ಗೊತ್ತಿತ್ತು. ಕೂಕಟ್‌ಪಲ್ಲಿಯ ತನ್ನ ಕಾಲೊನಿಯಲ್ಲಿ ನಿಶಾಂತ ಮಕ್ಕಳಿಗಾಗಿ ಒಂದು ವಿಜ್ಞಾನ ಕ್ಲಬ್ ನಡೆಸುತ್ತಿದ್ದ. ವರ್ಷಕ್ಕೊಮ್ಮೆ ಶಾಲೆಯ ಮೈದಾನದಲ್ಲಿ ಎಲ್ಲರೂ ಸೇರಿ ನೀರಿನ ರಾಕೆಟ್ ಹಾರಿಸುತ್ತಿದ್ದರು. ಸೋಡಾ ಬಾಟಲಿಗೆ ರಟ್ಟಿನ ರೆಕ್ಕೆ ಅಂಟಿಸಿ, ಒಳಗೆ ಒಂದಿಷ್ಟು ನೀರು ಹಾಕಿ, ಬೋರಲಾಗಿ ಕೊಳವೆಗೆ ಸಿಕ್ಕಿಸಿ, ಸೈಕಲ್ ಪಂಪಿನಿಂದ ಗಾಳಿ ತುಂಬುವುದು. ಹಗ್ಗ ಜಗ್ಗಿ ಚಿಲಕ ಬಿಡಿಸಿದರೆ ನೀರನ್ನು ಕೆಳಕ್ಕೆ ಚಿಮ್ಮುತ್ತ ಬಾಟಲಿ ಮೇಲಕ್ಕೆ ಹಾರುತ್ತದೆ. ರಾಕೆಟ್ ಮಾಡಿದವರು ಪಂಪ್ ಹೊಡೆಯಬೇಕು, ಹಗ್ಗ ಮಾತ್ರ ತಮ್ಮವರೊಬ್ಬರ ಕೈಗೆ ಕೊಡಬೇಕು. ಇದು ಕ್ಲಬ್ಬಿನ ಪದ್ಧತಿ. ಹೋದ ವರ್ಷದವರೆಗೆ ಶರ್ವರಿಯ ಹಗ್ಗ ಅವಳಪ್ಪನ ಕೈಯಲ್ಲಿತ್ತು.

ಫೋನು ಇಟ್ಟು ಅಂಬುಬಾಯಿ ಅತ್ತರು. ಅತ್ತು ಮುಗಿಸಿ ಒಂದು ನಿರ್ಧಾರಕ್ಕೆ ಬಂದರು. ಈ ಸಲ ಹೋಗಬೇಕು, ನಾಲ್ಕು ದಿನ ಮೊದಲೇ ಹೋಗಿ ಇರಬೇಕು, ಅವರ ಮನೆಯ ನೀರು ಕುಡಿಯಬೇಕು, ಅವರ ಮನೆಯ ಅನ್ನ ಉಣ್ಣಬೇಕು. ಮಗ ಇದ್ದಾಗ ಮಾಡದ್ದನ್ನು ಮೊಮ್ಮಗಳ ಸಲುವಾಗಿಯಾದರೂ ಮಾಡಬೇಕು. ಪ್ರತಿಯಾಗಿ ಅವರಿಗೆ ಬೇಕಾಗಿದ್ದದ್ದು ಒಂದೇ: ಪುಣೆಗೆ ಹೋದ ಮೇಲೂ ಆ ಕೂಸು ಬೇಸಿಗೆ ರಜೆಗೆ ಕಾಚಿಗುಡಾದ ಮನೆಗೆ ಬರಬೇಕು. ನಿಶಾಂತ ಆಡಿದ ಪಡಸಾಲೆಯಲ್ಲಿ ಅವಳು ಓಡಾಡಬೇಕು. ಫೋನಿನಲ್ಲೇ ಇದನ್ನು ತೊದಲಿದಾಗ ತಾರಾ ನೇರವಾಗಿಯೇ ಹೇಳಿದ್ದಳು.

"ನಾ ಬ್ಯಾಡ ಅನ್ನಂಗಿಲ್ರಿ, ಒತ್ತಾಯಾನೂ ಮಾಡಂಗಿಲ್ಲ. ಅಕಿನ್ನ ನೀವಾ ಕೇಳ್ರಿ. ಬರ್ತೀನಿ ಅಂದ್ರ ನಾನಾ ಕರಕೊಂಡು ಬಂದು ಬಿಡ್ತೀನಿ."

ಮೇಳ ಮುಗಿದ ಮೇಲೆ ಕೇಳೋಣ ಎಂದುಕೊಂಡರು ಅಂಬುಬಾಯಿ. ರಾಕೆಟ್ ಹಾರಿರುತ್ತದೆ, ಕೂಸು ಖುಷಿಯಲ್ಲಿರುತ್ತದೆ, ಆಗ ಕೇಳಿದರೆ ಇಲ್ಲ ಅನ್ನಲಾರದು.

ಹೋದ ದಿನ ತಾರಾ ಚಹಾ ತಂದಳು. ಅಂಬುಬಾಯಿ ಕಪ್ಪನ್ನು ಎರಡೂ ಕೈಯಿಂದ ತೆಗೆದುಕೊಂಡು ಕುಡಿದರು, ಸಕ್ಕರೆ ಹೆಚ್ಚಾಗಿದ್ದರೂ "ಛಲೋ ಆಗ್ಯದ" ಎಂದರು. ತಾರಾ ಖಾಲಿ ಕಪ್ಪು ಒಯ್ದಳು. ಅಡುಗೆಮನೆಯಲ್ಲಿ ಅವಳು ಮೂಗೆಳೆದದ್ದು ಕೇಳಿಸಿತು. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ವರ್ಷ ಯಾಕೆ ಬೇಕಾಯಿತು ಎಂದು ಅಂಬುಬಾಯಿ ತಮ್ಮನ್ನೇ ಕೇಳಿಕೊಂಡರು.

ಆದರೆ ಮನುಷ್ಯರ ಬುದ್ಧಿ ನೋಡಿ. ಮರುದಿನ ತಾರಾ ಕೆಲಸಕ್ಕೂ ಶರ್ವರಿ ಶಾಲೆಗೂ ಹೋದದ್ದೇ ತಡ, ಅಂಬುಬಾಯಿ ಗೀಜರ್ ಹಾಕಿ ಆ ಮನೆಯ ಲೋಟ, ತಾಟು, ಸೌಟುಗಳನ್ನೆಲ್ಲ ಬಿಸಿನೀರಿಗೆ ಹಿಡಿದರು. ಒರೆಸಿ, ಮೊದಲಿದ್ದ ಹಾಗೆಯೇ ಜೋಡಿಸಿಟ್ಟರು. ಕುಡಿಯುವುದಂತೂ ಕುಡಿಯುತ್ತೇನಲ್ಲ, ತೊಳೆದು ಕುಡಿದರೆ ಯಾರ ಗಂಟು ಹೋಯಿತು ಎಂದು ತಮಗೆ ತಾವೇ ಹೇಳಿಕೊಂಡರು. ಯಾರಿಗೂ ಗೊತ್ತಾಗಲಿಲ್ಲವೆಂಬ ಧೈರ್ಯದಲ್ಲಿ ಮರುದಿನವೂ ತೊಳೆದರು.

ಶರ್ವರಿಯ ವಿಷಯದಲ್ಲಿ ಮಾತ್ರ ಇದಾವುದೂ ನಡೆಯಲಿಲ್ಲ. ಅವಳಿಗೆ ಹನ್ನೊಂದು ವರ್ಷ. ಅಪ್ಪನ ಹುಬ್ಬು, ಅಪ್ಪನ ಉದ್ದ ಬೆರಳು. ಶಾಲೆಯಿಂದ ಬಂದವಳೇ ಅಜ್ಜಿಯ ಪಕ್ಕದಲ್ಲಿ ಕೂತು ರಟ್ಟು ಕತ್ತರಿಸುತ್ತ ಪ್ರಶ್ನೆ ಹಾಕುವಳು. ಅಪ್ಪ ಸಣ್ಣವನಿದ್ದಾಗ ಹೇಗಿದ್ದ? ಏನು ಮುರಿದ? ಯಾವಾಗ ಹೊಡೆತ ತಿಂದ? ಬೇಗಂಪೇಟೆಯ ಹಳೇ ವಿಮಾನ ನಿಲ್ದಾಣದ ಗೋಡೆಯ ಪಕ್ಕ ನಿಂತು ವಿಮಾನ ನೋಡುತ್ತ, "ನಾ ಮನೀಗೆ ಬರಂಗಿಲ್ಲ" ಎಂದು ಅವನು ರಸ್ತೆಯ ಮೇಲೆ ಉರುಳಾಡಿದ ಕಥೆಯನ್ನು ಅಂಬುಬಾಯಿ ಹೇಳಿದಾಗ ಅವಳು ಬಿದ್ದು ಬಿದ್ದು ನಕ್ಕಳು.

"ಮತ್ತೊಮ್ಮೆ ಹೇಳ ಅಜ್ಜಿ," ಅಂದಳು.

ಮಲಗಿದರೆ ಅಜ್ಜಿಯ ಮೇಲೆ ಕಾಲು ಹಾಕಿಯೇ ಮಲಗುವಳು. ಅಂಬುಬಾಯಿಯ ಮಡಿ ಆಗ ಎಲ್ಲಿಗೆ ಹೋಗಿರುತ್ತಿತ್ತೋ. ಆ ಸಣ್ಣ ಕಾಲಿನ ಭಾರಕ್ಕೆ ಅವರಿಗೆ ಅಳು ಬರುತ್ತಿತ್ತು, ಕೂಸಿಗೆ ಎಚ್ಚರವಾದೀತೆಂದು ಮಿಸುಕಾಡದೆ ಮಲಗಿರುತ್ತಿದ್ದರು.

ಶುಕ್ರವಾರ ಮಧ್ಯಾಹ್ನ ಅಡುಗೆಮನೆಯ ಮೇಲಿನ ಹಲಗೆಯಲ್ಲಿ, ಉಪ್ಪಿನಕಾಯಿ ಭರಣಿಯ ಹಿಂದೆ, ಅವರಿಗೆ ಆ ಬಾಟಲಿ ಕಂಡಿತು. ದೊಡ್ಡ ಸೋಡಾ ಬಾಟಲಿ, ಖಾಲಿ. ಕಿತ್ತಳೆ ಬಣ್ಣದ ಪಾನಕದ ಕಲೆ ತಳದಲ್ಲಿ ಒಣಗಿ ಹತ್ತಿತ್ತು. ಬಾಯಿ ಅಂಟಂಟು, ಅದಕ್ಕೊಂದು ಇರುವೆ ಸಾಲು. ರಾಕೆಟ್ಟಿಗೆಂದು ಇಟ್ಟದ್ದೆಂದು ನೋಡಿದೊಡನೆ ತಿಳಿಯಿತು. ಮುದ್ದು ಕೂಸು ಇದನ್ನು ಎದೆಗವಚಿಕೊಂಡು ಕೂರುತ್ತದೆ, ಯಾರ್ಯಾರು ಬಾಯಿ ಹಚ್ಚಿದ್ದಾರೋ ಇದಕ್ಕೆ! ಯಾರ್ಯಾರು ಎಂದು ಯೋಚಿಸುವಾಗ ಅವರ ಕಣ್ಣಮುಂದೆ ಬಂದವರು ತಾರಾ, ತಾರಾಳ ಅವ್ವ, ತಾರಾಳ ಅಪ್ಪ. ಮೈ ಜುಮ್ಮೆಂದಿತು. ಗೀಜರಿನ ನೀರು ಇದಕ್ಕೆ ಸಾಲದೆಂದು ಒಲೆಯ ಮೇಲೆ ಪಾತ್ರೆಯಿಟ್ಟರು. ನೀರು ಕುದಿಗೆ ಬರುವ ಹೊತ್ತಿಗೆ ಇಳಿಸಿ, ಬಟ್ಟೆಯಲ್ಲಿ ಬಾಟಲಿಯ ಕೊರಳು ಹಿಡಿದು, ಒಳಗೆ ಸುರಿದು ಕುಲುಕಿದರು.

ಬಾಟಲಿ ಕಟಕಟ ಎಂದಿತು. ಕೊರಳಿನ ಹತ್ತಿರ ಒಂದಿಷ್ಟು ಮುದುಡಿದ ಹಾಗೆ ಕಂಡಾಗ ಗಾಬರಿಯಾಗಿ ನೀರು ಚೆಲ್ಲಿ, ಬೆರಳಿನಿಂದ ಒತ್ತಿ ಒತ್ತಿ ನೆಟ್ಟಗೆ ಮಾಡಿದರು. ಸಣ್ಣದೊಂದು ಸುಕ್ಕು ಉಳಿಯಿತು, ಅಷ್ಟೆ. ಥಳಥಳ ಹೊಳೆಯುವ ಬಾಟಲಿಯನ್ನು ಕಿಟಕಿಯಲ್ಲಿ ಬೋರಲು ಹಾಕಿ, ಉಪಕಾರ ಮಾಡಿದ ಸಮಾಧಾನದಲ್ಲಿ ಕೈ ಒರೆಸಿಕೊಂಡರು.

ಸಂಜೆ ಶರ್ವರಿ ಬಂದು ಕಿಟಕಿ ನೋಡಿ ನಿಂತುಬಿಟ್ಟಳು.

"ಅಜ್ಜಿ, ಇದನ್ನ ತೊಳದಿ?"

"ಹೂಂ. ಇರಿವಿ ಮುತ್ತಿದ್ವು."

ಅವಳು ಬಾಟಲಿ ಎತ್ತಿಕೊಂಡು, ಅದರ ಬಾಯಿಗೆ ಮೂಗು ಹಚ್ಚಿ, ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದಳು. ಮುಖ ಸಣ್ಣದಾಯಿತು. ಆಮೇಲೆ ತಾನೇ ತಲೆ ಅಲ್ಲಾಡಿಸಿದಳು.

"ಇರ್ಲಿ ಬಿಡು. ಹೆಂಗೂ ತೊಳೀಬೇಕಾಗಿತ್ತು. ನಾನಾ ಮುಂದ ಮುಂದ ಹಾಕಾಕತ್ತಿದ್ದೆ."

ಅದರ ಅರ್ಥ ಅಂಬುಬಾಯಿಗೆ ಆಗಲಿಲ್ಲ. ರಾತ್ರಿ ಊಟಕ್ಕೆ ಮೊದಲೇ ಹುಡುಗಿ ರೆಕ್ಕೆ ಅಂಟಿಸಿದಳು, ಕೊರಳಿನ ಸುತ್ತ ನೀಲಿ ಕಾಗದ ಸುತ್ತಿದಳು, ತುದಿಗೆ ರಟ್ಟಿನ ಟೊಪ್ಪಿಗೆ ಹಾಕಿದಳು. ಸುಕ್ಕು ಕಾಗದದೊಳಗೆ ಹೋಯಿತು.

ಭಾನುವಾರ ಬೆಳಿಗ್ಗೆ ಮೈದಾನ ತುಂಬಿತ್ತು. ತೆಲುಗು, ಹಿಂದಿ, ಕನ್ನಡ ಎಲ್ಲ ಕಲಸಿದ ಗದ್ದಲ. ಅಪ್ಪಂದಿರು ಮಕ್ಕಳಿಗಿಂತ ಹೆಚ್ಚು ಕುಣಿಯುತ್ತಿದ್ದರು. "ಮೂಡು, ರೆಂಡು, ಒಕಟಿ" ಎಂದು ಎಲ್ಲರೂ ತೆಲುಗಿನಲ್ಲಿ ಮೂರರಿಂದ ಹಿಂದಕ್ಕೆ ಎಣಿಸಿ ಕೂಗುವುದು, ಭುಸ್ಸೆಂದು ಬಾಟಲಿ ಏಳುವುದು, ಕೆಳಗಿದ್ದವರು ತೊಯ್ದು ತಪ್ಪಡಿಯಾಗಿ ನಗುವುದು. ಅಂಬುಬಾಯಿಗೆ ಒಂದು ಕುರ್ಚಿ ಹಾಕಿಕೊಟ್ಟಿದ್ದರು. ಇಳಕಲ್ ಸೀರೆಯುಟ್ಟು ಅವರು ಕೂತಿದ್ದರು. ರಜೆಯ ಮಾತನ್ನು ಹೇಗೆ ಎತ್ತಬೇಕೆಂದು ಮನಸ್ಸಿನಲ್ಲೇ ನಾಲ್ಕು ಥರ ಹೇಳಿ ನೋಡಿಕೊಂಡಿದ್ದರು.

ಕ್ಲಬ್ಬಿನ ಹಿರಿಯರು ಗುರುಸಿದ್ದಪ್ಪ ಬಂದು ಪಕ್ಕದಲ್ಲಿ ನಿಂತರು. ಬೀದರಿನ ಕಡೆಯವರು, ರೈಲ್ವೆಯಲ್ಲಿ ಎಂಜಿನಿಯರಾಗಿ ನಿವೃತ್ತರಾದವರು, ನಿಶಾಂತನ ಜೊತೆ ಸೇರಿ ಈ ಕ್ಲಬ್ ಕಟ್ಟಿದವರು.

"ನೀವು ಬಂದಿದ್ದು ಭಾಳ ಛಲೋ ಆತ್ರಿ ಅಮ್ಮಾರ. ಅದರಾಗ ಇವತ್ತ ಶರ್ವರಿಯ ಈ ಬಾಟಲಿ ಹಾರೂದು ನೀವು ನೋಡಬೇಕಾಗಿತ್ತು."

"ಯಾಕ್ರಿ, ಬಾಟಲಿದೇನು?"

"ಅಯ್ಯ, ಗೊತ್ತಿಲ್ಲೇನ್ರಿ ನಿಮಗ?" ಗುರುಸಿದ್ದಪ್ಪನವರಿಗೆ ಉತ್ಸಾಹ ಬಂತು. "ಮೇಳಾ ಮುಗದ ಮ್ಯಾಲ ಒಂದೊಂದು ಮನಿಯವರಿಗೆ ಒಂದೊಂದು ದೊಡ್ಡ ಬಾಟಲಿ ಕೊಡ್ತೀವಿ. ಗ್ಲಾಸ್ ಮಾತ್ರ ಕೊಡಂಗಿಲ್ಲ. ಬಾಯಿಂದ ಬಾಯಿಗೆ ದಾಟಿಸಿ ಎಲ್ಲಾರೂ ಕುಡದು ಖಾಲಿ ಮಾಡಬೇಕು. ಆ ಬಾಟಲಿನೇ ಮುಂದಿನ ವರ್ಷದ ರಾಕೆಟ್. ನಿಶಾಂತನೇ ಹಾಕಿದ ಪದ್ಧತಿ ಇದು. ಗ್ಲಾಸ್ ಯಾಕ ಬ್ಯಾಡೋ ಅಂತ ನಾ ಕೇಳಿದ್ರ ನಗತಿದ್ದ, ಹೇಳತಿರಲಿಲ್ಲ. ಹ್ವಾದ ವರ್ಷ ಅಗೋ, ಆ ಗಿಡದ ಕೆಳಗ ಕುಂತು ಇವರ ಮನಿ ಮೂರೂ ಮಂದಿ ಕುಡದ್ರು. ಕಡೀ ಗುಟುಕು ಅವಂದು."

ಗ್ಲಾಸ್ ಯಾಕೆ ಬೇಡವೆಂದು ಗುರುಸಿದ್ದಪ್ಪನವರಿಗೆ ತಿಳಿಯದಿರಬಹುದು, ಅಂಬುಬಾಯಿಗೆ ತಿಳಿಯಿತು. ಚೀಲದಿಂದ ತಮ್ಮ ನೀರು ತೆಗೆದು ಕುಡಿದ ಆ ದಿನ ತಾರಾಳ ಮುಖ ನೋಡುತ್ತ ನಿಂತಿದ್ದ ಮಗ ಕಣ್ಣಿಗೆ ಕಟ್ಟಿದ. ಆ ಅಂಟು ಬಾಯಿ, ಆ ಇರುವೆ ಸಾಲು, ಕೂಸು ಅದಕ್ಕೆ ಮೂಗು ಹಚ್ಚಿ ಉಸಿರೆಳೆದದ್ದು. ಮಗನ ಬಾಯಿ ತಾಗಿ, ತೊಳೆಯದೆ ಈ ಲೋಕದಲ್ಲಿ ಉಳಿದ ವಸ್ತು ಅದೊಂದೇ ಆಗಿತ್ತೇನೋ. ಹೆತ್ತ ತಾಯಿ ಅದಕ್ಕೆ ಕುದಿನೀರು ಹೊಯ್ದು, ಎಂಜಲೆಂದು ತೊಳೆದು ಚೆಲ್ಲಿದ್ದಳು.

ಅಷ್ಟರಲ್ಲಿ ಶರ್ವರಿಯ ಸರದಿ ಬಂತು. ತಾರಾ ದೂರದ ಹಗ್ಗದ ಬೇಲಿಯಾಚೆ ನಿಂತು ಫೋನಿನಲ್ಲಿ ಚಿತ್ರ ತೆಗೆಯಲು ಸಿದ್ಧಳಾದಳು. ಗುರುಸಿದ್ದಪ್ಪ ಪ್ರತಿಯೊಂದು ರಾಕೆಟ್ಟನ್ನೂ ಕೈಯಲ್ಲಿ ಹಿಡಿದು ಪರೀಕ್ಷಿಸಿಯೇ ಕೊಳವೆಗೆ ಏರಿಸಲು ಬಿಡುತ್ತಿದ್ದರು. ನೀಲಿ ಕಾಗದದ ಮೇಲೆ ಅವರ ಹೆಬ್ಬೆರಳು ಓಡಾಡಿ ಒಂದು ಕಡೆ ನಿಂತಿತು.

"ಇಲ್ಲಿ ಯಾಕವಾ ಸುಕ್ಕಾಗ್ಯದ? ಬಿಸಿ ಗಿಸಿ ಏನರ ತಾಗೇದೇನು? ಬಿಸಿ ತಾಗಿದ ಬಾಟಲಿ ಗಾಳಿ ತಡಿಯಂಗಿಲ್ಲ, ಒಡೀತದ."

"ಇಲ್ರಿ ಸರ್. ಅಜ್ಜಿ ತೊಳದಾಳ, ಅಷ್ಟ." ಶರ್ವರಿ ತಿರುಗಿ ನೋಡಿದಳು. "ತಣ್ಣೀರಿಲೇ ತೊಳದಿ, ಹೌದಲ್ಲ ಅಜ್ಜಿ?"

ಹೇಳಿಬಿಡಬಹುದಾಗಿತ್ತು. ಹೇಳಿದ್ದರೆ ಬಾಟಲಿ ಉಳಿಯುತ್ತಿತ್ತು, ಕಪಾಟಿನಲ್ಲಾದರೂ ಇರುತ್ತಿತ್ತು. ಆದರೆ ಬಿಸಿನೀರು ಯಾಕೆ ಎಂಬ ಪ್ರಶ್ನೆ ಹಿಂದೆಯೇ ಬರುತ್ತಿತ್ತು. ಕೂಸಿನ ಮುಖದಲ್ಲಿ ಅಷ್ಟು ನಂಬಿಕೆ, ಅಷ್ಟು ಸಡಗರ. ಇನ್ನೊಂದು ಗಳಿಗೆಯಲ್ಲಿ ಕೇಳಬೇಕೆಂದಿದ್ದ ರಜೆಯ ಮಾತು ನಾಲಗೆಯ ತುದಿಯಲ್ಲಿತ್ತು. ಅಂಬುಬಾಯಿಯ ಬಾಯಿಂದ ಹೊರಟದ್ದು ಒಂದೇ ಅಕ್ಷರ.

"ಹೂಂ."

ಗುರುಸಿದ್ದಪ್ಪ ಹಿರಿಯರ ಮಾತು ನಂಬಿದರು. ಆದರೂ ಗಾಳಿ ಕಡಿಮೆಯೇ ತುಂಬೋಣವೆಂದು ಹೇಳಿ, ಎಲ್ಲರನ್ನೂ ಇನ್ನಷ್ಟು ಹಿಂದೆ ಸರಿಸಿದರು.

ಹಗ್ಗದ ತುದಿ ಅಂಬುಬಾಯಿಯ ಕೈಗೆ ಬಂತು. ಶರ್ವರಿ ಕಣ್ಣಿಗೆ ಏನೂ ಸಿಡಿಯದಂತೆ ಕನ್ನಡಕ ಹಾಕಿಕೊಂಡು ಉದ್ದ ಪೈಪಿನ ಈ ತುದಿಯಲ್ಲಿ ಪಂಪಿನ ಹಿಡಿ ಒತ್ತತೊಡಗಿದಳು. ಪ್ರತಿ ಸಲ ಒತ್ತುವಾಗಲೂ ಅವಳ ಜಡೆ ಮುಂದಕ್ಕೆ ಬಂದು ಹಿಂದಕ್ಕೆ ಹೋಗುತ್ತಿತ್ತು. ದೇವರೇ, ಇದೊಂದು ಸಲ ತಡೆಯಲಿ ಎಂದು ಅಂಬುಬಾಯಿ ತಮಗೆ ಗೊತ್ತಿದ್ದ ದೇವರನ್ನೆಲ್ಲ ಬೇಡಿದರು. ಮಕ್ಕಳು "ಮೂಡು" ಎಂದು ಬಾಯಿ ತೆರೆದಿದ್ದರು.

ಢಮ್ಮೆಂದು ಸದ್ದಾಯಿತು.

ನೀರು ನಾಲ್ಕೂ ಕಡೆ ಹಾರಿತು. ರಟ್ಟಿನ ಟೊಪ್ಪಿಗೆ ಎಲ್ಲಿಗೋ ಹೋಗಿ ಬಿತ್ತು. ಕೊಳವೆಯ ಮೇಲೆ ಉಳಿದದ್ದು ಕೊರಳಿನ ಚೂರು, ಅದಕ್ಕೆ ಅಂಟಿದ ತೊಯ್ದ ನೀಲಿ ಕಾಗದ. ಯಾರಿಗೂ ಪೆಟ್ಟಾಗಲಿಲ್ಲ. ಹಗ್ಗ ಅಂಬುಬಾಯಿಯ ಕೈಯಲ್ಲಿ ಹಾಗೆಯೇ ಇತ್ತು.

ಶರ್ವರಿ ಓಡಿಹೋಗಿ ನೆಲದ ಮೇಲೆ ಕೂತು ಚೂರುಗಳನ್ನು ಆಯತೊಡಗಿದಳು. ಮೊದಲು ಅಳಲಿಲ್ಲ. ಚೂರನ್ನು ಚೂರಿಗೆ ಹೊಂದಿಸಿ ನೋಡಿದಳು, ಹೊಂದಲಿಲ್ಲ. ತಾರಾ ಬಂದು ಹೆಗಲ ಮೇಲೆ ಕೈಯಿಟ್ಟಾಗ ಕಟ್ಟೆ ಒಡೆಯಿತು.

"ನಾ ಜೋರ್ ಹೊಡದ್ನಿ ಅಮ್ಮಾ. ಅಪ್ಪನ ಬಾಟಲಿ ನಾನಾ ಒಡದ್ನಿ."

"ನೀ ಜೋರ್ ಹೊಡದಿಲ್ಲ ಕೂಸ," ಎಂದರು ಗುರುಸಿದ್ದಪ್ಪ. "ಗಾಳಿ ಎಷ್ಟಾತು ಅಂತ ನಾನೇ ನೋಡಾಕತ್ತಿದ್ದೆ. ಅರ್ಧಾನೂ ಆಗಿರಲಿಲ್ಲ." ಕೊರಳಿನ ಚೂರನ್ನು ಬಿಸಿಲಿಗೆ ಹಿಡಿದು ನೋಡಿದರು. "ಇದಕ್ಕ ಬಿಸಿ ತಾಗೇದ. ಹಿಂಗ ಬೆಳ್ಳಗಾಗೂದು ಬಿಸೀಲೇ."

"ಹಂಗಾರ ನಾನಾ ಬಿಸಿಲಾಗ ಇಟ್ಟಿರಬೇಕ್ರಿ," ಎಂದು ಹುಡುಗಿ ಬಿಕ್ಕಿದಳು. "ಹಗ್ಗಾ ಜಗ್ಗಾಕ ಅಜ್ಜಿನ್ನ ಕರಸಿ, ನಾನಾ ಕೆಡಸಿದೆ."

ಕೂಸು ತನ್ನದಲ್ಲದ ತಪ್ಪನ್ನು ಮೈಮೇಲೆ ಹೊತ್ತುಕೊಳ್ಳುವುದನ್ನು ನೋಡಿ ನಿಲ್ಲುವುದು ಅಂಬುಬಾಯಿಗೆ ಆಗಲಿಲ್ಲ. ಹಟಮಾರಿ ಹೆಂಗಸು, ಸುಳ್ಳು ಹೇಳಿದ ಹೆಂಗಸು, ಎಲ್ಲ ಹೌದು. ಆದರೆ ಇಷ್ಟು ಕಲ್ಲೆದೆ ಅವರದಾಗಿರಲಿಲ್ಲ. ಸೀರೆ ಕೆಸರಾಗುವುದನ್ನು ನೋಡದೆ ಅವಳ ಎದುರು ಕೂತರು.

"ನೀ ಅಲ್ಲ ಶರೂ. ನಾ. ಕುದಿಯೂ ನೀರು ಹಾಕಿ ತೊಳದೆ. ಸರ್ ಕೇಳಿದಾಗ ಸುಳ್ಳು ಹೇಳಿದೆ."

ಶರ್ವರಿಯ ಬಿಕ್ಕು ನಿಂತಿತು.

"ಕುದಿಯೂ ನೀರು ಯಾಕ?"

ಇರುವೆ ಮುತ್ತಿದ್ದವು ಎನ್ನಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಒಂದು ಸಲ ತಪ್ಪಿಸಿಕೊಂಡದ್ದರ ಫಲ ಎದುರಿಗೇ ಚೂರು ಚೂರಾಗಿ ಬಿದ್ದಿತ್ತು.

"ಎಂಜಲಾ ಅಂತ," ಎಂದರು ಅಂಬುಬಾಯಿ. "ಯಾರರ ಕುಡದಿದ್ದು ಅಂತ."

"ಯಾರರ ಅಂದ್ರ?" ಹುಡುಗಿ ಯೋಚಿಸುತ್ತ ಕೇಳಿದಳು. ಲೆಕ್ಕ ಬಿಡಿಸುವವಳ ಹಾಗೆ ಹುಬ್ಬು ಗಂಟಿಕ್ಕಿತ್ತು, ಥೇಟ್ ಅವಳಪ್ಪನ ಹುಬ್ಬು. "ನಮ್ಮನ್ಯಾಗ ನಾನು, ಅಮ್ಮ, ಅಪ್ಪ ಅಷ್ಟ ಅಲ್ಲೇನು ಇದ್ದಿದ್ದು? ಅಪ್ಪ ಅಂತೂ ನಿಮ್ಮ ಮಗ. ನಂದಾ ಎಂಜಲಾ ಅಂದ್ಕೊಂಡ್ರೇನು?"

ಅಂಬುಬಾಯಿ ಬಾಯಿ ತೆರೆದರು. ನಿಂದಲ್ಲವ್ವಾ ಎನ್ನಬೇಕು. ಹಾಗೆಂದರೆ ಉಳಿಯುವುದು ಅವಳ ಅಮ್ಮ, ಇಲ್ಲೇ ಹೆಗಲ ಮೇಲೆ ಕೈಯಿಟ್ಟು ನಿಂತವಳು. ಅವರು ತಡಮಾಡಿದ ಅಷ್ಟು ಹೊತ್ತಿನಲ್ಲಿ ಹುಡುಗಿ ಅಮ್ಮನ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು, ಮತ್ತೆ ಅಮ್ಮನ ಮುಖ ನೋಡಿದಳು. ಹನ್ನೊಂದು ವರ್ಷದ ಮಕ್ಕಳಿಗೆ ಎಲ್ಲವನ್ನೂ ಬಿಡಿಸಿ ಹೇಳಬೇಕಾಗಿಲ್ಲ.

ತಾರಾ ಸಿಟ್ಟಾಗುತ್ತಾಳೆಂದು ಅಂಬುಬಾಯಿ ಕಾದರು. ಸಿಟ್ಟಾಗಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ದಣಿದ ದನಿಯಲ್ಲಿ ಹೇಳಿದಳು.

"ಲೋಟಾ, ತಾಟು ತೊಳೀತಿದ್ರಲ್ರಿ ಅತ್ತ್ಯಾರ, ಅದು ನನಗ ಮೊದಲನೇ ದಿನಾನಾ ಗೊತ್ತಾತು. ಅಕಿಗೆ ಗೊತ್ತಾಗಬಾರದು ಅಂತ ಸುಮ್ನಿದ್ದೆ. ಅಜ್ಜಿ ಅಜ್ಜಿ ಅಂತ ಭಾಳ ಹಚಗೊಂಡಿದ್ಲು."

ಅಷ್ಟು ಹೇಳಿ ಅವಳು ಚೂರುಗಳನ್ನು ಸೆರಗಿನಲ್ಲಿ ತುಂಬಿಕೊಂಡು ಚೀಲದ ಕಡೆ ಹೋದಳು. ಗುರುಸಿದ್ದಪ್ಪನವರು ಏನೂ ಕೇಳದವರ ಹಾಗೆ ಮುಂದಿನ ರಾಕೆಟ್ಟಿನ ಹುಡುಗರನ್ನು ಕರೆಯಲು ನಡೆದರು.

ಅಜ್ಜಿ, ಮೊಮ್ಮಗಳು ಗಿಡದ ನೆರಳಿಗೆ ಬಂದು ಕೂತರು. ಮೈದಾನದಲ್ಲಿ ಬೇರೆಯವರ ಬಾಟಲಿಗಳು ಏಳುತ್ತಲೇ ಇದ್ದವು, ಜನ ಕೂಗುತ್ತಲೇ ಇದ್ದರು. ಶರ್ವರಿ ತನ್ನ ನೀರಿನ ಬಾಟಲಿ ತೆಗೆದು, ಬಾಯಿ ಹಚ್ಚಿ ಒಂದು ಗುಟುಕು ಕುಡಿದಳು. ಅಂಬುಬಾಯಿಗೆ ಏನು ಮಾಡಬೇಕೆಂದು ಒಮ್ಮೆಲೇ ತೋಚಿತು. ಇಷ್ಟು ವರ್ಷ ಮಾಡದ್ದನ್ನು ಈಗ, ಈ ಗಳಿಗೆಯಲ್ಲಿ, ಇವಳ ಕಣ್ಣೆದುರೇ ಮಾಡಬೇಕು. ಕೈ ಚಾಚಿದರು.

"ನನಗೂ ನೀರಡಿಕಿ ಆಗ್ಯದ. ಅದನ್ನ ಕೊಡು ಇಲ್ಲೆ."

ಹುಡುಗಿ ಬಾಟಲಿಯನ್ನು ತನ್ನ ಎದೆಗೆ ಎಳೆದುಕೊಂಡಳು. ಸಿಟ್ಟಿನಿಂದಲ್ಲ. ಅವಳ ಮುಖದಲ್ಲಿ ಸಿಟ್ಟೇ ಇರಲಿಲ್ಲ, ಹಿರಿಯರಿಗೆ ತೊಂದರೆಯಾಗಬಾರದೆಂಬ ಕಾಳಜಿ ಇತ್ತು.

"ಇದು ಬ್ಯಾಡ್ರಿ ಅಜ್ಜಿ. ನಾ ಬಾಯಿ ಹಚ್ಚೀನಿ."

"ಹಚ್ಚಿದ್ರ ಏನಾತು? ಕೊಡು ನನ್ನವ್ವಾ, ಕೊಡು."

"ಒಂದ್ನಿಮಿಷ ಇರ್ರಿ."

ಎದ್ದು ಓಡಿದಳು. ಗೇಟಿನ ಪಕ್ಕದ ಅಂಗಡಿಯಿಂದ ಹೊಸ ನೀರಿನ ಬಾಟಲಿ ತಂದಳು. ಮುಚ್ಚಳದ ಸೀಲನ್ನು ಅಜ್ಜಿಯ ಕಣ್ಣಿಗೆ ಹಿಡಿದು ತೋರಿಸಿದಳು.

"ಇದು ಹೊಸಾದು. ಯಾರೂ ಮುಟ್ಟಿಲ್ಲ. ಕುಡೀರಿ."

ಅಂಬುಬಾಯಿ ತೆಗೆದುಕೊಂಡರು. ತೆಗೆದುಕೊಳ್ಳದಿದ್ದರೆ ಅದಕ್ಕೂ ಅವಳು ಬೇರೆ ಅರ್ಥ ಹಚ್ಚಿಯಾಳೆಂದು ಹೆದರಿಕೆಯಾಯಿತು. ಸೀಲು ಮುರಿಯದೆ ಮಡಿಲಲ್ಲಿಟ್ಟುಕೊಂಡರು. ರಜೆಯ ಮಾತನ್ನು ಇನ್ನು ಈ ಜನ್ಮದಲ್ಲಿ ಎತ್ತಲಾರೆ ಎಂದು ಅವರಿಗೆ ಗೊತ್ತಾಗಿತ್ತು. ಎತ್ತಿದರೆ ಕೂಸು ಇಷ್ಟೇ ಮರ್ಯಾದೆಯಿಂದ, ಇಷ್ಟೇ ಮೆತ್ತಗೆ, ಬ್ಯಾಡ್ರಿ ಅಜ್ಜಿ ಅನ್ನುತ್ತಿತ್ತು.

ಶರ್ವರಿ ಪಕ್ಕದಲ್ಲಿ, ಆದರೆ ಒಂದಿಷ್ಟು ಅಂತರ ಬಿಟ್ಟು, ಕೂತಳು. ಬಿಸಿಲಿಗೆ ಅವಳಿಗೂ ಮತ್ತೆ ಬಾಯಾರಿತ್ತು. ತನ್ನ ಬಾಟಲಿಯ ಮುಚ್ಚಳ ತಿರುವಿದಳು, ತುಟಿಯವರೆಗೆ ತಂದಳು, ಅಜ್ಜಿಯತ್ತ ಒಮ್ಮೆ ನೋಡಿದಳು. ಆಮೇಲೆ ತಲೆ ಹಿಂದಕ್ಕೆ ಚೆಲ್ಲಿ, ಬಾಟಲಿಯನ್ನು ತುಟಿಗೆ ತಾಗದಂತೆ ಮೇಲಕ್ಕೆ ಎತ್ತಿ ಹಿಡಿದು ಸುರಿದುಕೊಂಡಳು. ಹಾಗೆ ಎತ್ತಿ ಕುಡಿದು ರೂಢಿಯಿಲ್ಲದ ಕೂಸು. ನೀರು ಮೂಗಿಗೆ ಹೋಗಿ ಕೆಮ್ಮು ಬಂತು, ಗದ್ದದಿಂದಿಳಿದು ಅಂಗಿಯೆಲ್ಲ ತೊಯ್ದಿತು. ಒರೆಸಿಕೊಂಡು, ಅಜ್ಜಿ ನೋಡುತ್ತಿದ್ದಾಳೆಂದು ಖಾತ್ರಿ ಮಾಡಿಕೊಂಡು, ಮತ್ತೊಮ್ಮೆ ಎತ್ತಿ ಹಿಡಿದಳು.